ಪಿಜಿ ಓದುತ್ತಲೇ ಗೇಮ್ ಡಿಸೈನರ್ ಆಗುವುದು: ಬಳ್ಳಾರಿ, ರಾಯಚೂರು, ಕೊಪ್ಪಳದ ವಿದ್ಯಾರ್ಥಿಗಳಿಗೆ ಎರಡು ವರ್ಷದ ದಾರಿ

ಗೇಮ್ ಡಿಸೈನರ್ ಆಗಬೇಕು ಅಂದ ಕೂಡಲೇ ನಮ್ಮ ಕಡೆ ಎರಡು ಸಲಹೆ ಬರುತ್ತವೆ. ಒಂದು, ‘ಅನಿಮೇಷನ್ ಕೋರ್ಸ್ ಸೇರಿಕೋ’. ಇನ್ನೊಂದು, ‘ಕೋಡಿಂಗ್ ಕಲಿ’. ಎರಡೂ ಪಕ್ಕದ ಮನೆಯ ವಿಳಾಸಗಳು. ಚಿತ್ರ ಬಿಡಿಸುವವರು ಗೇಮ್ ಆರ್ಟಿಸ್ಟ್, ಕೋಡ್ ಬರೆಯುವವರು ಗೇಮ್ ಪ್ರೋಗ್ರಾಮರ್. ಡಿಸೈನರ್ ಕೂರುವುದು ಇವರಿಬ್ಬರ ನಡುವೆ. ಆಟದ ನಿಯಮ ಏನು, ಹಾರಿ ದಾಟಬೇಕಾದ ಗುಂಡಿ ಎಷ್ಟು ಅಗಲ, ಶತ್ರುವಿಗೆ ಎಷ್ಟು ಪೆಟ್ಟು ಬೇಕು, ಹತ್ತನೇ ನಿಮಿಷದಲ್ಲಿ ಆಟಗಾರನ ಕೈಗೆ ಏನು ಸಿಗಬೇಕು, ಏನು ಸಿಗಬಾರದು ಎಂದು ತೀರ್ಮಾನಿಸಿ, ಆಡಿಸಿ ನೋಡಿ, ತಪ್ಪಿದ್ದರೆ ಬದಲಿಸುವುದು ಅವರ ಕೆಲಸ.

ಹಾಗಾಗಿ ಎಂಸಿಎ ಓದುವವರಿಗೆ ಮಾತ್ರ ಈ ದಾರಿ ಎಂದುಕೊಳ್ಳಬೇಡಿ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿವಿಯಲ್ಲಿ ಎಂಕಾಂ ಮಾಡುತ್ತಿರುವವರಿಗೆ ಆಟದೊಳಗಿನ ನಾಣ್ಯ, ಬೆಲೆ, ಬಹುಮಾನಗಳ ಲೆಕ್ಕ ಬೇಗ ಹತ್ತುತ್ತದೆ. ಇದಕ್ಕೆ ಎಕಾನಮಿ ಡಿಸೈನ್ ಎನ್ನುತ್ತಾರೆ. ಗಣಿತದ ಎಂಎಸ್ಸಿಯವರಿಗೆ ಸಂಭವನೀಯತೆ ಕೈಯಲ್ಲೇ ಇದೆ. ಕನ್ನಡ, ಇತಿಹಾಸ ಓದಿದವರು ಕಥೆ, ಸಂಭಾಷಣೆಯ ಕಡೆಯಿಂದ ಒಳಗೆ ಬರಬಹುದು, ಆದರೆ ಬರೀ ಕಥೆಗಾರರಿಗೆ ಕೆಲಸ ಬಹಳ ಕಡಿಮೆ. ಲೆವೆಲ್, ಅಂದರೆ ಆಟದ ಒಂದೊಂದು ಹಂತವನ್ನು ಕಟ್ಟುವುದನ್ನೂ ಕಲಿತಿರಬೇಕು. ಪ್ರೋಗ್ರಾಮಿಂಗ್ ಎಷ್ಟು ಬೇಕು? ಸ್ವಂತ ಸಣ್ಣ ಆಟವನ್ನು ಬೇರೆಯವರ ಕೈಗಾಯದೆ ಓಡಿಸುವಷ್ಟು. ಅದಕ್ಕಿಂತ ಕಡಿಮೆಯಾದರೆ ನಿಮ್ಮ ಐಡಿಯಾ ಕಾಗದದ ಮೇಲೇ ಉಳಿಯುತ್ತದೆ.

ಮೊದಲ ಸೆಮಿಸ್ಟರ್: ಕಂಪ್ಯೂಟರ್ ಮುಟ್ಟಬೇಡಿ

ಕವಡೆ, ಹುಣಸೆ ಬೀಜ, ಒಂದು ನೋಟ್‌ಬುಕ್, ಫೋನಿನಲ್ಲಿ ಗೂಗಲ್ ಶೀಟ್ಸ್. ಇಷ್ಟು ಸಾಕು. ಚೌಕಾಬಾರದಿಂದ ಶುರು ಮಾಡಿ. ಮನೆಯಲ್ಲಿ ಅಜ್ಜಿಗೆ ಗೊತ್ತಿರುವ ಆಟವನ್ನು ಡಿಸೈನರ್ ಕಣ್ಣಿನಿಂದ ಬಿಚ್ಚುವುದು ಮೊದಲ ಪಾಠ.

5×5 ಮನೆ, ನಾಲ್ಕು ಕವಡೆ, ಒಬ್ಬರಿಗೆ ನಾಲ್ಕು ಕಾಯಿ. ಅಂಗಾತ ಬಿದ್ದ ಕವಡೆ ಎಷ್ಟೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ, 4. ನಾಲ್ಕೂ ಬೋರಲಾದರೆ ಬಾರ, 8. ಈ ಎರಡು ಬಿದ್ದರೆ ಇನ್ನೊಂದು ಸಲ ಹಾಕಬಹುದು. (ಊರಿಗೊಂದು ಲೆಕ್ಕ ಇರುತ್ತದೆ, ನಿಮ್ಮ ಊರಿನದನ್ನೇ ಹಿಡಿಯಿರಿ.) ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಎಂದು ಸದ್ಯಕ್ಕೆ ಇಟ್ಟುಕೊಂಡರೆ 16 ಸಾಧ್ಯತೆಗಳಲ್ಲಿ 1 ಬೀಳುವುದು ನಾಲ್ಕು, 2 ಆರು, 3 ನಾಲ್ಕು, 4 ಒಂದು, 8 ಒಂದು. ಪ್ರತಿ ಗರವನ್ನು ಅದು ಬೀಳುವ ಸಲಗಳಿಂದ ಗುಣಿಸಿ ಕೂಡಿಸಿದರೆ 40, 16ರಿಂದ ಭಾಗಿಸಿದರೆ ಸರಾಸರಿ 2.5 ಮನೆ. ಎಂಟರಲ್ಲಿ ಒಂದು ಸಲ ಮರುಗರ ಸಿಗುವುದರಿಂದ ಒಂದು ಪಾಳಿಗೆ 2.86 ಮನೆಯ ಹತ್ತಿರ ಬರುತ್ತದೆ.

ಈಗ ದಾರಿ ಎಣಿಸಿ. ಹೊರಸುತ್ತಿನಲ್ಲಿ 15 ಹೆಜ್ಜೆ, ಒಳಸುತ್ತಿನಲ್ಲಿ 8, ನಡುಮನೆಗೆ 1, ಒಟ್ಟು 24. ನಾಲ್ಕು ಕಾಯಿಗೆ 96. ಯಾರೂ ಯಾರನ್ನೂ ಹೊಡೆಯದಿದ್ದರೂ ಒಬ್ಬರಿಗೆ ಸುಮಾರು 34 ಪಾಳಿ ಬೇಕು. ನಾಲ್ಕು ಜನ ಕೂತರೆ 136 ಪಾಳಿ. ಪಾಳಿಗೆ 15 ಸೆಕೆಂಡ್ ಹಿಡಿದರೆ 34 ನಿಮಿಷ. ಕಾಯಿ ಹೊಡೆದು ಹೊರಗೆ ಕಳಿಸುವುದು, ಒಂದಾದರೂ ಹೊಡೆಯದೆ ಒಳಮನೆಗೆ ಬಿಡುವುದಿಲ್ಲ ಎಂಬ ನಿಯಮ ಸೇರಿದರೆ ಮಧ್ಯಾಹ್ನ ಕಳೆದೇ ಹೋಗುತ್ತದೆ. ಜಗಲಿ ಕಟ್ಟೆಗೆ ಅದು ಸರಿ. ಬಸ್ಸಿನಲ್ಲಿ ಮೊಬೈಲ್ ಹಿಡಿದವರಿಗೆ ಐದು ನಿಮಿಷದಲ್ಲಿ ಮುಗಿಯಬೇಕು.

ಅದಕ್ಕೆ ಇಬ್ಬರು ಆಟಗಾರರು, ತಲಾ ಎರಡು ಕಾಯಿ ಎಂದು ಮಾಡಿದಿರಿ ಅನ್ನಿ. 48 ಹೆಜ್ಜೆ, ಒಬ್ಬರಿಗೆ 17 ಪಾಳಿ, ಇಬ್ಬರಿಗೆ 34, ಪಾಳಿಗೆ 8 ಸೆಕೆಂಡ್‌ನಂತೆ ನಾಲ್ಕೂವರೆ ನಿಮಿಷ. ಸಮಯ ಕೂತಿತು, ಆಟ ಕೆಟ್ಟಿತು! ಯಾಕೆಂದರೆ ನಾಲ್ಕು ಕಾಯಿಯಲ್ಲಿ ಯಾವುದನ್ನು ನಡೆಸಲಿ ಎಂಬ ಯೋಚನೆಯೇ ಚೌಕಾಬಾರದ ಜೀವ. ಎರಡೇ ಕಾಯಿಯಾದರೆ ಅದೃಷ್ಟದ ಮೇಲೆ ಬಿಟ್ಟ ಹಾಗೆ. ಹಾಗಾದರೆ ಆ ಆಯ್ಕೆಯನ್ನು ಬೇರೆ ಬಾಗಿಲಿನಿಂದ ಒಳಗೆ ತರಬೇಕು: ಎರಡು ಸಲ ಕವಡೆ ಹಾಕಿ ಬೇಕಾದ ಗರ ಆರಿಸಿಕೊಳ್ಳಲಿ. ಆಗ ಸರಾಸರಿ ಬದಲಾಗುತ್ತದೆ, ಮತ್ತೆ ಲೆಕ್ಕ ಹಾಕಿ. ಜೊತೆಗೆ ನಿಜವಾದ ಕವಡೆಯನ್ನು 200 ಸಲ ಎಸೆದು ಶೀಟಿನಲ್ಲಿ ಬರೆದುಕೊಳ್ಳಿ. ಅಂಗಾತ, ಬೋರಲು ಸಮನಾಗಿ ಬರುವುದಿಲ್ಲ ಎಂಬುದು ನೂರು ದಾಟುವುದರೊಳಗೆ ಕಾಣುತ್ತದೆ. ಈ ಶೀಟನ್ನು ಎಸೆಯಬೇಡಿ, ಪೋರ್ಟ್‌ಫೋಲಿಯೋದಲ್ಲಿ (ಕೆಲಸ ಕೇಳುವಾಗ ತೋರಿಸುವ ನಿಮ್ಮ ಕೆಲಸಗಳ ಸಂಗ್ರಹ) ಹಾಕಬಹುದಾದ ಮೊದಲ ಕೆಲಸ ಇದೇ.

ಎರಡನೆಯದು ಸ್ವಂತ ಆಟ. ವಿಷಯ ಹುಡುಕಿಕೊಂಡು ಜಪಾನಿಗೆ ಹೋಗಬೇಕಿಲ್ಲ, ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆ ಇದೆ. ನಾಲ್ಕು ಜನರನ್ನು ಸಾಲಾಗಿ ಕೂರಿಸಿ: ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು. ಪ್ರತಿಯೊಬ್ಬರಿಗೂ ಎರಡು ಹೊಲ. ಒಂದು ಹಂಗಾಮಿಗೆ 20 ಹುಣಸೆ ಬೀಜ ನೀರು. ಭತ್ತಕ್ಕೆ 6 ಬೀಜ, 7 ಅಂಕ. ಜೋಳಕ್ಕೆ 2 ಬೀಜ, 3 ಅಂಕ. ಮೇಲಿನವರು ತಮಗೆ ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಕೆಳಗೆ ಬಿಡುತ್ತಾರೆ.

ಮೊದಲ ಆಟದಲ್ಲೇ ಆಗುವುದು ಇಷ್ಟು: ಗಂಗಾವತಿ ಎರಡೂ ಹೊಲಕ್ಕೆ ಭತ್ತ ಹಾಕಿ 12 ಬೀಜ ಎತ್ತಿಕೊಳ್ಳುತ್ತದೆ, 14 ಅಂಕ. ಸಿಂಧನೂರು ಉಳಿದ 8ರಲ್ಲಿ ಒಂದು ಭತ್ತ, ಒಂದು ಜೋಳ, 10 ಅಂಕ. ಮಾನ್ವಿ, ರಾಯಚೂರು ಕೂತವರು ಎರಡನೇ ಹಂಗಾಮಿಗೆ ಫೋನ್ ತೆಗೆಯುತ್ತಾರೆ. ಒಟ್ಟು ಅಂಕ 24. ಎಲ್ಲರೂ ಜೋಳ ಹಾಕಿದ್ದರೂ ಒಟ್ಟು 24 ಬರುತ್ತಿತ್ತು, ನಾಲ್ಕು ಬೀಜ ಮಿಗುತ್ತಿತ್ತು; ಆ ನಾಲ್ಕರಿಂದ ಒಂದು ಹೊಲ ಭತ್ತಕ್ಕೆ ಬದಲಾದರೆ 28. ಅಂದರೆ ಒಪ್ಪಂದ ಮಾಡಿಕೊಂಡರೆ ಊರೆಲ್ಲ ಸೇರಿ ಹೆಚ್ಚು ಗಳಿಸಬಹುದು. ಆದರೆ ಆ ಒಂದು ಭತ್ತದ ಹೊಲ ಯಾರದು? ಆಟ ಇರುವುದು ಅಲ್ಲಿ. ಈಗಿನ ನಿಯಮದಲ್ಲಿ ಮೇಲಿನವರಿಗೆ ಮಾತಾಡುವ ದರ್ದೇ ಇಲ್ಲ.

ಸರಿಪಡಿಸಲು ಎರಡು ದಾರಿ ಪ್ರಯತ್ನಿಸಿ. ಹಂಗಾಮಿಗೊಮ್ಮೆ ಜಾಗ ಬದಲಿಸಿದರೆ ನ್ಯಾಯ ಬರುತ್ತದೆ, ರುಚಿ ಬರುವುದಿಲ್ಲ. ಕೊನೆಯವರು ಸುಮ್ಮನೆ ತಮ್ಮ ಸರದಿ ಕಾಯುತ್ತಾರೆ. ಬದಲಿಗೆ ಕೊನೆಯ ಇಬ್ಬರಿಗೆ ತಲಾ ಒಂದು ‘ಗೇಟ್ ಬಂದ್’ ಕಾರ್ಡ್ ಕೊಡಿ: ಇಡೀ ಆಟದಲ್ಲಿ ಒಂದೇ ಸಲ, ಮೇಲಿನ ಒಬ್ಬರಿಗೆ ಆ ಹಂಗಾಮು ನೀರಿಲ್ಲ. ಕಾರ್ಡ್ ಹಾಕುವ ಮೊದಲೇ ಚೌಕಾಸಿ ಶುರುವಾಗುತ್ತದೆ. ‘ನಾಕು ಬೀಜ ಬಿಡ್ತೀನಿ, ಕಾರ್ಡ್ ತೆಗೀಬ್ಯಾಡ’ ಎಂಬ ಮಾತು ಮೇಜಿನ ಮೇಲೆ ಬಂದರೆ ನಿಯಮ ಕೆಲಸ ಮಾಡಿತು ಎಂದು ಬರೆದುಕೊಳ್ಳಿ. ಒಂದೇ ಸಲಕ್ಕೆ ಒಂದೇ ನಿಯಮ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಎರಡನೇ ಸೆಮಿಸ್ಟರ್: ಲ್ಯಾಪ್‌ಟಾಪ್, ಎಂಜಿನ್, ಒಂದು ಜಿಗಿತ

8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಎಂಜಿನ್ (ಆಟ ಕಟ್ಟುವ ತಂತ್ರಾಂಶ) ಯಾವುದು ಎಂಬ ಜಗಳದಲ್ಲಿ ತಿಂಗಳು ಕಳೆಯಬೇಡಿ. ಅನ್‌ರಿಯಲ್ ಹತ್ತಾರು ಜಿಬಿ ಕೇಳುತ್ತದೆ, ಯೂನಿಟಿಯೂ ಹಲವು ಜಿಬಿ. ದಿನಕ್ಕೆ ಎರಡು ಜಿಬಿ ಪ್ಯಾಕ್ ಮೇಲೆ ಬದುಕುವ ಹಾಸ್ಟೆಲ್ ಕೋಣೆಗೆ ಗೋಡೋ ಸರಿ: ನೂರು ಎಂಬಿ ಆಸುಪಾಸಿನ ಜಿಪ್, ಇನ್‌ಸ್ಟಾಲ್ ಬೇಡ, ಉಚಿತ, ಮಾರುವ ಆಟಕ್ಕೂ ಬಳಸಲು ಬಿಡುವ ಎಂಐಟಿ ಪರವಾನಗಿ. ಹೊಸ ಪ್ರಾಜೆಕ್ಟ್ ತೆರೆಯುವಾಗ ರೆಂಡರರ್ (ಚಿತ್ರವನ್ನು ಪರದೆಗೆ ತರುವ ಭಾಗ) ಯಾವುದು ಎಂದು ಕೇಳಿದರೆ ‘ಕಂಪ್ಯಾಟಿಬಿಲಿಟಿ’ ಆರಿಸಿ. ಹಳೆಯ ಗ್ರಾಫಿಕ್ಸ್‌ಗೂ ಬ್ರೌಸರ್‌ಗೂ ಅದೇ ಬೇಕು. ಭಾಷೆ ಜಿಡಿಸ್ಕ್ರಿಪ್ಟ್ ಇರಲಿ. ಗೋಡೋ 4ರಲ್ಲಿ ಸಿ ಶಾರ್ಪ್ ಆರಿಸಿದರೆ ಬ್ರೌಸರ್‌ಗೆ ಎಕ್ಸ್‌ಪೋರ್ಟ್ ಆಗುವುದಿಲ್ಲ, ಅಂದರೆ ಬ್ರೌಸರಿನಲ್ಲಿ ಆಡುವ ರೂಪಕ್ಕೆ ಬರುವುದಿಲ್ಲ; ಇದು ಕೊನೆಯ ದಿನ ಗೊತ್ತಾಗಿ ತಲೆ ಮೇಲೆ ಕೈ ಹೊತ್ತವರು ಬಹಳ.

ರಾಯಚೂರಿನ ಬೇಸಿಗೆಯ ಬಗ್ಗೆ ಒಂದು ಮಾತು. ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ ಇಟ್ಟರೆ ಗಾಳಿ ಕಿಂಡಿ ಮುಚ್ಚಿ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಟ ತಡವರಿಸುತ್ತದೆ, ನೀವು ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ. ಗಟ್ಟಿ ಮೇಜು, ಕೆಳಗೆ ನಾಲ್ಕು ಬಾಟಲ್ ಮುಚ್ಚಳ. ಕರೆಂಟ್ ಹೋಗುವುದು ಇದ್ದದ್ದೇ, ಆದ್ದರಿಂದ ಮೊದಲ ದಿನದಿಂದ ಗಿಟ್ (ಪ್ರತಿ ಬದಲಾವಣೆಯನ್ನೂ ದಾಖಲಿಸುವ ಸಾಧನ) ಬಳಸಿ, ದಿನಾ ಸಂಜೆ ಗಿಟ್‌ಹಬ್ ತಾಣಕ್ಕೆ ಏರಿಸಿ. ‘ಡಾಟ್ ಗೋಡೋ’ ಫೋಲ್ಡರ್ ತಾತ್ಕಾಲಿಕ ಸಾಮಾನು, ಅದನ್ನು ಏರಿಸುವ ಅಗತ್ಯವಿಲ್ಲ. 100 ಎಂಬಿ ದಾಟಿದ ಕಡತವನ್ನು ಗಿಟ್‌ಹಬ್ ಹೇಗೂ ಒಪ್ಪುವುದಿಲ್ಲ.

ಮೊದಲ ಡಿಜಿಟಲ್ ಆಟ ಒಂದೇ ಪರದೆಯ ಪ್ಲಾಟ್‌ಫಾರ್ಮರ್: ಓಡು, ಜಿಗಿ, ಗುಂಡಿ ದಾಟು. ಜಿಗಿತದ ಸಂಖ್ಯೆಗಳನ್ನು ಕಣ್ಣಂದಾಜಿನಲ್ಲಿ ಹಾಕುವುದು ಹೊಸಬರ ಮೊದಲ ತಪ್ಪು. ಮೊದಲು ಎಷ್ಟು ಎತ್ತರ, ಎಷ್ಟು ಸಮಯ ಎಂದು ತೀರ್ಮಾನಿಸಿ. ಎತ್ತರ 64 ಪಿಕ್ಸೆಲ್, ತುದಿ ಮುಟ್ಟಲು 0.4 ಸೆಕೆಂಡ್ ಇರಲಿ. ಗುರುತ್ವ = 2 × ಎತ್ತರ ÷ (ಸಮಯ × ಸಮಯ), ಅಂದರೆ 128 ÷ 0.16 = 800. ಜಿಗಿತದ ವೇಗ = 2 × ಎತ್ತರ ÷ ಸಮಯ = 320; ಗೋಡೋದಲ್ಲಿ ಮೇಲಿನ ದಿಕ್ಕು ಋಣ, ಆದ್ದರಿಂದ ಮೈನಸ್ 320. ಓಟದ ವೇಗ 160 ಎಂದಿಟ್ಟರೆ ಗಾಳಿಯಲ್ಲಿರುವ 0.8 ಸೆಕೆಂಡಿನಲ್ಲಿ 128 ಪಿಕ್ಸೆಲ್, ಅಂದರೆ 16 ಪಿಕ್ಸೆಲ್ ಟೈಲ್ (ನೆಲ ಕಟ್ಟುವ ಚೌಕದ ತುಂಡು) ಲೆಕ್ಕದಲ್ಲಿ ಎಂಟು ಟೈಲ್ ಪಾತ್ರ ದಾಟುತ್ತದೆ. ಆದರೆ ಎಂಟು ಟೈಲ್ ಗುಂಡಿ ತೋಡಬೇಡಿ. ಕೊನೆಯ ಪಿಕ್ಸೆಲ್‌ನಲ್ಲಿ ಜಿಗಿದವನು ಮಾತ್ರ ದಾಟುತ್ತಾನೆ. ಮೊದಲ ಗುಂಡಿ ಮೂರು ಟೈಲ್, ಸಾಮಾನ್ಯ ಗುಂಡಿ ಐದು, ಕಷ್ಟದ್ದು ಆರು.

ಗುಂಡಿಯ ಅಂಚು ದಾಟಿದ ಮೇಲೂ 0.1 ಸೆಕೆಂಡ್ ಜಿಗಿಯಲು ಬಿಡಿ. ಇದಕ್ಕೆ ಕಯೋಟಿ ಟೈಮ್ ಎನ್ನುತ್ತಾರೆ. ನೆಲ ಮುಟ್ಟುವ 0.1 ಸೆಕೆಂಡ್ ಮೊದಲು ಒತ್ತಿದ್ದನ್ನೂ ನೆನಪಿಟ್ಟುಕೊಂಡು ನೆಲ ತಾಗಿದ ಕೂಡಲೇ ಜಿಗಿಸಿ. ಇವೆರಡು ಇಲ್ಲದ ಆಟವನ್ನು ಆಡಿದವರು ‘ಬಟನ್ ಹತ್ತಂಗಿಲ್ಲ’ ಅನ್ನುತ್ತಾರೆ, ಬಟನ್ ಸರಿಯಾಗೇ ಇರುತ್ತದೆ. ಕೋಡಿನ ಬದಿಯ ಸಾಮಾನ್ಯ ತಪ್ಪು ಡೆಲ್ಟಾದ್ದು (ಹಿಂದಿನ ಫ್ರೇಮ್‌ನಿಂದ ಕಳೆದ ಸಮಯ): ಗುರುತ್ವವನ್ನು ಡೆಲ್ಟಾದಿಂದ ಗುಣಿಸಿ ವೇಗಕ್ಕೆ ಸೇರಿಸಬೇಕು, ಆದರೆ ಪಾತ್ರವನ್ನು ನಡೆಸುವ ಗೋಡೋದ ‘ಮೂವ್ ಅಂಡ್ ಸ್ಲೈಡ್’ಗೆ ಕೊಡುವ ವೇಗವನ್ನು ಮತ್ತೆ ಗುಣಿಸಬಾರದು, ಅದು ಒಳಗೇ ಗುಣಿಸಿಕೊಳ್ಳುತ್ತದೆ. ಎರಡು ಸಲ ಗುಣಿಸಿದರೆ ಪಾತ್ರ ಬಸವನಹುಳುವಿನಂತೆ ತೆವಳುತ್ತದೆ.

ಚಿತ್ರ, ಸದ್ದು ನೀವೇ ಮಾಡಬೇಕಿಲ್ಲ. ಕೆನ್ನಿ ತಾಣದ ಚಿತ್ರಗಳಿಗೆ ಕ್ರಿಯೇಟಿವ್ ಕಾಮನ್ಸ್‌ನ ‘ಸಿಸಿ ಝೀರೋ’ ಪರವಾನಗಿ, ಹೆಸರು ಹಾಕದೆಯೂ ಬಳಸಬಹುದು. ಬೇರೆ ಕಡೆಯಿಂದ ತಂದದ್ದರಲ್ಲಿ ‘ಸಿಸಿ ಬೈ’ ಇದ್ದರೆ ಹೆಸರು ಹಾಕಲೇಬೇಕು. ‘ಎನ್‌ಸಿ’ ಎಂದಿದ್ದರೆ ಮಾರುವ ಆಟಕ್ಕೆ ಬೇಡ.

ಕನ್ನಡ ಅಕ್ಷರ ಮತ್ತು ಪ್ರಕಟಣೆ

ಆಟದಲ್ಲಿ ಕನ್ನಡ ಬೇಕೆಂದರೆ ಫಾಂಟ್ ಕಡತವನ್ನು ಪ್ರಾಜೆಕ್ಟಿನೊಳಗೇ ಇಡಿ: ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಉಚಿತ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಫಾಂಟ್ ಸೇರಿಸದೆಯೂ ಕನ್ನಡ ಕಾಣುತ್ತದೆ, ಯಾಕೆಂದರೆ ಗೋಡೋ ವಿಂಡೋಸ್‌ನಿಂದ ಎರವಲು ಪಡೆಯುತ್ತದೆ; ಬ್ರೌಸರ್‌ಗೆ ಏರಿಸಿದ ಕೂಡಲೇ ಬರೀ ಡಬ್ಬಿಗಳು. ಒತ್ತಕ್ಷರ ಗೋಡೋ 4ರಲ್ಲಿ ಸರಿಯಾಗಿ ಕೂರುತ್ತದೆ. ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೋದಲ್ಲಿ ‘ಬಳ್ಳಾರಿ’ ಎಂದು ಬರೆದು ನೋಡಿ, ಒತ್ತು ಒಡೆದು ಪಕ್ಕಕ್ಕೆ ನಿಲ್ಲುತ್ತದೆ.

ಆಟವನ್ನು ಇಚ್.ಐಒ ತಾಣಕ್ಕೆ ಉಚಿತವಾಗಿ ಏರಿಸಬಹುದು. ಅದಕ್ಕೆ ಬೇಕಾದ ಗೋಡೋದ ಎಕ್ಸ್‌ಪೋರ್ಟ್ ಟೆಂಪ್ಲೇಟ್ ಒಂದು ಜಿಬಿ ಆಸುಪಾಸು, ವಿವಿ ವೈಫೈನಲ್ಲಿ ಮೊದಲೇ ಇಳಿಸಿಕೊಳ್ಳಿ. ವೆಬ್ ಎಕ್ಸ್‌ಪೋರ್ಟ್ ಮಾಡುವಾಗ ಕಡತದ ಹೆಸರು ‘ಇಂಡೆಕ್ಸ್’ ಎಂದೇ ಇರಲಿ, ಜಿಪ್ ಮಾಡುವಾಗ ಫೋಲ್ಡರನ್ನಲ್ಲ, ಒಳಗಿನ ಕಡತಗಳನ್ನು ಆರಿಸಿ ಜಿಪ್ ಮಾಡಿ, ತಾಣದಲ್ಲಿ ‘ಬ್ರೌಸರಿನಲ್ಲಿ ಆಡಬಹುದು’ ಎಂಬ ಚೌಕಕ್ಕೆ ಟಿಕ್ ಹಾಕಿ. ಆಟ ಬ್ರೌಸರಿನಲ್ಲಿ ತೆರೆಯದಿದ್ದರೆ ಮೊದಲು ಈ ಮೂರರಲ್ಲೊಂದು ತಪ್ಪಿದೆಯೇ ನೋಡಿ.

ಗೂಗಲ್ ಪ್ಲೇಗೆ ಅವಸರ ಬೇಡ. ಒಂದು ಸಲದ ಶುಲ್ಕ 25 ಡಾಲರ್, ಜೊತೆಗೆ ಹೊಸ ವೈಯಕ್ತಿಕ ಖಾತೆಯವರು 12 ಜನರಿಂದ ಸತತ 14 ದಿನ ಕ್ಲೋಸ್ಡ್ ಟೆಸ್ಟಿಂಗ್ (ಆಹ್ವಾನಿತರಿಗೆ ಮಾತ್ರ ತೆರೆದ ಪರೀಕ್ಷೆ) ಮಾಡಿಸಬೇಕು. ಕಂಪ್ಯೂಟರ್ ಆಟ ಮಾರುವ ಸ್ಟೀಮ್ ತಾಣಕ್ಕೆ ಆಟವೊಂದಕ್ಕೆ 100 ಡಾಲರ್. ಕೆಲಸ ಹುಡುಕುವವರಿಗೆ ಇಚ್ ಕೊಂಡಿಯೇ ಸಾಕು; ನೋಡುವವರು ಏನೂ ಇಳಿಸಿಕೊಳ್ಳದೆ ತಕ್ಷಣ ಆಡಬಹುದು.

ಆಡಿಸಿ ನೋಡುವಾಗ ಬಾಯಿ ಮುಚ್ಚಿಕೊಳ್ಳಿ

ಐದು ಜನ ಸಾಕು, ಅದರಲ್ಲಿ ಇಬ್ಬರು ಗೇಮ್ ಆಡದವರಿರಲಿ. ಪಕ್ಕದಲ್ಲಿ ಕೂತು ‘ಅಲ್ಲಿ ಒತ್ತು’ ಅನ್ನಬೇಡಿ. ಎಲ್ಲಿ ಸತ್ತರು, ಎಲ್ಲಿ ನಿಂತರು, ಎಷ್ಟನೇ ಸೆಕೆಂಡಿನಲ್ಲಿ ಫೋನ್ ನೋಡಿದರು ಎಂದು ಗುರುತು ಹಾಕಿ. ನಮ್ಮ ಕಡೆಯ ಸಮಸ್ಯೆ ಎಂದರೆ ಮರ್ಯಾದೆ: ‘ಹೆಂಗೈತಿ?’ ಅಂದರೆ ‘ಭಾರಿ ಐತ್ರಿ’ ಎಂದೇ ಉತ್ತರ. ಅದರಿಂದ ಪ್ರಯೋಜನವಿಲ್ಲ. ‘ಇಲ್ಲಿ ಏನು ಮಾಡಾಕ ಹೊಂಟಿದ್ದಿ?’ ಎಂದು ಕೇಳಿ. ಉತ್ತರ ನಿಮ್ಮ ಉದ್ದೇಶಕ್ಕೆ ಹೊಂದದಿದ್ದರೆ ತಪ್ಪು ಲೆವೆಲ್‌ನದು, ಆಡಿದವರದಲ್ಲ. ಐವರಲ್ಲಿ ಮೂವರು ಒಂದೇ ಜಾಗದಲ್ಲಿ ಸತ್ತರೆ ಆ ಜಾಗ ಬದಲಿಸಿ, ಒಬ್ಬರೇ ಸತ್ತರೆ ಸದ್ಯಕ್ಕೆ ಬಿಡಿ.

ಮೂರನೇ ಸೆಮಿಸ್ಟರ್‌ನಲ್ಲಿ ಗೇಮ್ ಜಾಮ್‌ಗಳಿಗೆ, ಅಂದರೆ ಗೊತ್ತುಪಡಿಸಿದ ಸಮಯದಲ್ಲಿ ಆಟ ಕಟ್ಟಿ ಮುಗಿಸುವ ಕೂಟಗಳಿಗೆ ಹೋಗಿ. ಗೋಡೋ ವೈಲ್ಡ್ ಜಾಮ್ ತಿಂಗಳಿಗೊಮ್ಮೆ, ಒಂಬತ್ತು ದಿನ, ಕ್ಲಾಸಿನ ನಡುವೆಯೂ ಆಗುತ್ತದೆ. ಗ್ಲೋಬಲ್ ಗೇಮ್ ಜಾಮ್ ಜನವರಿ ಕೊನೆಗೆ. 48 ಗಂಟೆಯ ಜಾಮ್‌ಗೆ ಲೆಕ್ಕ ಹೀಗಿರಲಿ: ಮೊದಲ 12 ಗಂಟೆಯೊಳಗೆ ಚಿತ್ರವಿಲ್ಲದ ಬರೀ ಚೌಕಗಳಲ್ಲಿ ಆಡುವಂತಾಗಬೇಕು, 36ನೇ ಗಂಟೆಗೆ ಹೊಸದು ಸೇರಿಸುವುದು ಬಂದ್, ಕೊನೆಯ ನಾಲ್ಕು ಗಂಟೆ ಎಕ್ಸ್‌ಪೋರ್ಟ್ ಮತ್ತು ಅಪ್‌ಲೋಡ್‌ಗೆ. ಕೊನೆಯ ಅರ್ಧ ಗಂಟೆಯಲ್ಲಿ ಅಪ್‌ಲೋಡ್ ಮಾಡುತ್ತೇನೆ ಅಂದವರ ಹಾಸ್ಟೆಲ್‌ನಲ್ಲಿ ಅದೇ ಹೊತ್ತಿಗೆ ಕರೆಂಟ್ ಹೋಗುತ್ತದೆ.

ಎಂಸಿಎ, ಎಂಎಸ್ಸಿ ಕಂಪ್ಯೂಟರ್ ಸೈನ್ಸ್‌ನವರು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟನ್ನೇ ಆಟವಾಗಿಸಬಹುದು. ಸಿನಾಪ್ಸಿಸ್‌ನಲ್ಲಿ ‘ಗೇಮ್ ಮಾಡುತ್ತೇನೆ’ ಎಂದಷ್ಟೇ ಬರೆದರೆ ಗೈಡ್ ಒಪ್ಪುವುದು ಕಷ್ಟ. ಕಾಲುವೆ ಆಟವನ್ನು ನೀರು ಹಂಚಿಕೆಯ ಸಿಮ್ಯುಲೇಷನ್ ಎಂದು ಬರೆಯಿರಿ, ಯಾವ ನಿಯಮ, ಯಾವ ಅಳತೆ, ಎಷ್ಟು ಜನರ ಮೇಲೆ ಪರೀಕ್ಷೆ ಎಂದು ಸೇರಿಸಿ. ಅದು ಸುಳ್ಳಲ್ಲ. ಇದೇ ಹೊತ್ತಿಗೆ ಯೂನಿಟಿಯನ್ನೂ ಲ್ಯಾಬ್‌ನಲ್ಲಿ ಕಲಿತುಕೊಳ್ಳಿ, ಮೊಬೈಲ್ ಸ್ಟುಡಿಯೋಗಳು ಅದನ್ನು ಕೇಳುತ್ತವೆ. ಹಳೆಯ ಪ್ಲಾಟ್‌ಫಾರ್ಮರನ್ನೇ ಅದರಲ್ಲಿ ಮತ್ತೆ ಕಟ್ಟಿದರೆ ಮೂರು ವಾರ ಸಾಕು.

ಪೋರ್ಟ್‌ಫೋಲಿಯೋ, ಕೆಲಸ

ಮೂರು ಪ್ರಾಜೆಕ್ಟ್, ಅಷ್ಟೇ. ಅರ್ಧ ಮಾಡಿದ ಹತ್ತು ಆಟಕ್ಕಿಂತ ಮುಗಿದ ಮೂರು ಭಾರ. ಪ್ರತಿಯೊಂದಕ್ಕೂ ಒಂದು ಪುಟ: ಏನು ಸಮಸ್ಯೆ ಇತ್ತು, ಮೊದಲ ನಿಯಮ ಏನು, ಆಡಿಸಿದಾಗ ಏನಾಯಿತು, ಏನು ಬದಲಿಸಿದಿರಿ, ಆಮೇಲೆ ಏನಾಯಿತು. ‘ಗೇಟ್ ಬಂದ್’ ಕಾರ್ಡಿನ ಕಥೆ ಇಲ್ಲಿ ಹಾಗೆಯೇ ಕೂರುತ್ತದೆ. ವಿಡಿಯೋ ಒಂದು ನಿಮಿಷ, ಮೊದಲ ಐದು ಸೆಕೆಂಡಿನಲ್ಲೇ ಆಟ ಕಾಣಲಿ, ಲೋಗೋ ಕುಣಿಸಬೇಡಿ. ಗುಂಪಿನ ಕೆಲಸವಾದರೆ ನಿಮ್ಮ ಪಾಲು ಯಾವುದು ಎಂದು ಸ್ಪಷ್ಟವಾಗಿ ಬರೆಯಿರಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು: ಸಣ್ಣ ವಾಕ್ಯ, ಸಂಖ್ಯೆ, ಚಿತ್ರ. ಕನ್ನಡ ಮಾಧ್ಯಮದವರು ಹೆದರುವುದು ಇಲ್ಲೇ, ಆದರೆ ಡಿಸೈನ್ ದಾಖಲೆಯಲ್ಲಿ ಅಲಂಕಾರದ ಇಂಗ್ಲಿಷ್ ದೋಷವೇ ಹೊರತು ಗುಣವಲ್ಲ.

ಸ್ಟುಡಿಯೋಗಳು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಯಲ್ಲಿವೆ. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ. ಭಾರತದ ಗೇಮ್ ಡೆವಲಪರ್ ಸಮ್ಮೇಳನ ಐಜಿಡಿಸಿ ನಡೆಯುತ್ತಾ ಬಂದಿರುವುದೂ ಹೆಚ್ಚಾಗಿ ಅಲ್ಲೇ. ಬಳ್ಳಾರಿಯವರು ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಮೊದಲ ಕೆಲಸ ನೇರವಾಗಿ ಡಿಸೈನರ್ ಎಂದು ಸಿಗದಿರಬಹುದು. ಕ್ಯೂಎ ಟೆಸ್ಟರ್ (ಆಟದಲ್ಲಿ ದೋಷ ಹುಡುಕುವವರು) ಆಗಿ ಒಳಗೆ ಹೋಗುವುದು ಅವಮಾನವಲ್ಲ, ಆದರೆ ಬಗ್ ವರದಿ ಬರೆಯುವಾಗ ‘ಕೆಲಸ ಮಾಡುತ್ತಿಲ್ಲ’ ಎಂದು ಬರೆಯದೆ ಯಾವ ಹಂತ, ಏನು ಒತ್ತಿದೆ, ಏನಾಗಬೇಕಿತ್ತು, ಏನಾಯಿತು ಎಂದು ಬರೆಯುವವರನ್ನೇ ಡಿಸೈನ್ ತಂಡ ಗಮನಿಸುತ್ತದೆ.

ಇನ್ನೂ ಓದಬೇಕು ಅನ್ನುವವರಿಗೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಬೆಂಗಳೂರು ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ಡಿಸೈನ್‌ನ ಸ್ನಾತಕೋತ್ತರ ಪದವಿ (ಎಂಡೆಸ್) ಇದೆ, ಪ್ರವೇಶಕ್ಕೆ ಡ್ಯಾಟ್ ಪರೀಕ್ಷೆ. ಐಐಟಿಗಳ ಡಿಸೈನ್ ಕೋರ್ಸ್‌ಗಳಿಗೆ ಜನವರಿಯಲ್ಲಿ ಐಐಟಿ ಬಾಂಬೆ ‘ಸೀಡ್’ (CEED) ಪ್ರವೇಶ ಪರೀಕ್ಷೆ ನಡೆಸುತ್ತದೆ. ಊರಲ್ಲಿ ಬೋರ್ಡ್ ಹಾಕಿಕೊಂಡ ‘ಗೇಮಿಂಗ್ ಕೋರ್ಸ್’ಗೆ ಲಕ್ಷ ಕಟ್ಟುವ ಮೊದಲು ಅಲ್ಲಿ ಕಲಿತವರು ಮುಗಿಸಿದ ಮೂರು ಆಟದ ಕೊಂಡಿ ಕೇಳಿ. ಕೊಡದಿದ್ದರೆ ಎದ್ದು ಬನ್ನಿ. ಸರ್ಟಿಫಿಕೇಟನ್ನು ಸ್ಟುಡಿಯೋದವರು ತೆರೆದು ನೋಡುವುದಿಲ್ಲ.

ಕೆಲಸದ ಜಾಹೀರಾತಿನಲ್ಲಿ ‘ಗೇಮಿಂಗ್’ ಎಂದಿದ್ದರೆ ಹಣ ಕಟ್ಟಿ ಆಡುವ ಆಟವೇ ಎಂದು ಮೊದಲು ನೋಡಿ. 2025ರ ಆಗಸ್ಟ್‌ನ ಆನ್‌ಲೈನ್ ಗೇಮಿಂಗ್ ಕಾಯ್ದೆ ಅಂಥ ಆಟಗಳನ್ನು ನಿಷೇಧಿಸಿತು. ಸೇರುವ ಮೊದಲು ಠೇವಣಿ ಕೇಳುವವರೊಂದಿಗೆ ಮಾತೇ ಬೇಡ.

ಸ್ಟುಡಿಯೋ ನಿಮ್ಮನ್ನು ಗಂಭೀರವಾಗಿ ತೆಗೆದುಕೊಂಡರೆ ಡಿಸೈನ್ ಟೆಸ್ಟ್ ಕಳಿಸುತ್ತದೆ: ನಮ್ಮ ಆಟಕ್ಕೆ ಒಂದು ಹೊಸ ಲೆವೆಲ್, ಅಥವಾ ಹೊಸ ಫೀಚರ್ ಬರೆಯಿರಿ ಎಂದು. ಮೊದಲ ದಿನ ಏನೂ ಬರೆಯದೆ ಅವರ ಆಟ ಆಡಿ, ಮೊದಲ ಮೂವತ್ತು ನಿಮಿಷದಲ್ಲಿ ಯಾವಾಗ ಏನು ಸಿಕ್ಕಿತು ಎಂದು ಶೀಟಿನಲ್ಲಿ ಬರೆದುಕೊಳ್ಳಿ. ಎರಡನೇ ದಿನ ನಕ್ಷೆ ಮತ್ತು ಸಂಖ್ಯೆ. ಮೂರನೇ ದಿನ ಎರಡು ಪುಟಕ್ಕೆ ಇಳಿಸಿ, ಯಾವುದನ್ನು ಯೋಚಿಸಿ ಕೈಬಿಟ್ಟಿರಿ, ಯಾಕೆ ಎಂಬ ಒಂದು ಪ್ಯಾರಾ ಸೇರಿಸಿ. ಸಂದರ್ಶನದಲ್ಲಿ ಪ್ರಶ್ನೆ ಬರುವುದು ಹೆಚ್ಚಾಗಿ ಆ ಪ್ಯಾರಾದ ಮೇಲೆಯೇ.